ಬಳ್ಳಾರಿಗೆ ಎಷ್ಟು ಅಕ್ಷರ?

ಸಾಮಾನ್ಯ ಬಳಕೆಯ ಕೋಡ್ ಲೈಬ್ರರಿ ಮಾಡುವ ಕೆಲಸಗಳು ನೋಡಲು ತೀರ ಸಣ್ಣವು. ಪಟ್ಟಿಯನ್ನು ಕ್ರಮವಾಗಿ ಜೋಡಿಸುವುದು, ಬೇಡದ್ದನ್ನು ಸೋಸುವುದು, ಒಂದೇ ಹೆಸರು ಎರಡು ಸಲ ಬಂದಿದ್ದರೆ ಒಂದನ್ನು ಕೈಬಿಡುವುದು, ಹೆಸರು ಹೇಳಿದರೆ ಅದರ ವಿವರ ಹುಡುಕಿಕೊಡುವುದು, ಇಷ್ಟೇ. ಸಿರುಗುಪ್ಪದ ಅಕ್ಕಿ ಗಿರಣಿಯ ಜರಡಿ ಭತ್ತ ಯಾರ ಹೊಲದ್ದೆಂದು ಕೇಳುವುದಿಲ್ಲ. ಇಂಥ ಲೈಬ್ರರಿಯೂ ಒಳಗೆ ಬಂದದ್ದು ಅಂಕಿಯೋ ಊರ ಹೆಸರೋ ಎಂದು ಕೇಳಬಾರದು. ಹಾಗೆ ಕೇಳದೆಯೂ ಸರಿಯಾದ ಉತ್ತರ ಕೊಡುವಂತೆ ಬರೆಯುವುದೇ ಈ ಕಸುಬಿನ ಕಷ್ಟ, ಅದರ ಸೊಗಸೂ ಅದೇ.

ಅಲೆಕ್ಸಾಂಡರ್ ಸ್ಟೆಪನೊವ್ ಮತ್ತು ಮೆಂಗ್ ಲೀ ರೂಪಿಸಿದ ಲೈಬ್ರರಿ 1994ರಲ್ಲಿ ಸಿ++ ಮಾನಕದ ಕರಡಿಗೆ ಸೇರಿದಾಗ ಒಂದು ದೊಡ್ಡ ವಿಚಾರ ಗಟ್ಟಿಯಾಯಿತು: ವಸ್ತುಗಳನ್ನು ಇಡುವ ಪಾತ್ರೆ ಬೇರೆ, ಅವುಗಳ ಮೇಲೆ ನಡೆಯುವ ಕೆಲಸ ಬೇರೆ. 1998ರಲ್ಲಿ ಜೋಶುವಾ ಬ್ಲಾಕ್ ಜಾವಾಕ್ಕೆ ಕೊಟ್ಟ ಕಲೆಕ್ಷನ್ ಲೈಬ್ರರಿ ಲಿಸ್ಟ್, ಸೆಟ್, ಮ್ಯಾಪ್ ಎಂಬ ಮೂರು ಮಾತುಗಳನ್ನು ಪ್ರೋಗ್ರಾಮರ್‌ಗಳ ನಿತ್ಯದ ನುಡಿಯಾಗಿಸಿತು. ಲಿಸ್ಟ್‌ನಲ್ಲಿ ಕ್ರಮ ಮುಖ್ಯ. ಸೆಟ್‌ನಲ್ಲಿ ಒಂದು ವಸ್ತುವಿಗೆ ಒಂದೇ ಜಾಗ. ಮ್ಯಾಪ್‌ನಲ್ಲಿ ಹೆಸರಿಗೆ ವಿವರ ಅಂಟಿರುತ್ತದೆ.

ಲೈಬ್ರರಿ ನಿಜಕ್ಕೂ ಸಾಮಾನ್ಯ ಬಳಕೆಯದೋ ಅಲ್ಲವೋ ಎಂದು ತಿಳಿಯಲು ಇಂಗ್ಲಿಷ್ ಪದಗಳಷ್ಟೇ ಇರುವ ಟೆಸ್ಟ್ ಸಾಲದು. ಬಳ್ಳಾರಿ ಜಿಲ್ಲೆಯ ಈಗಿನ ಐದು ತಾಲ್ಲೂಕುಗಳನ್ನು ಕೊಟ್ಟು ನೋಡಬಹುದು. ಕೇವಲ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸಿದರೂ ಕಂಪ್ಲಿ, ಕುರುಗೋಡು, ಬಳ್ಳಾರಿ, ಸಂಡೂರು, ಸಿರುಗುಪ್ಪ ಎಂದು ನಿಘಂಟಿನ ಕ್ರಮದಲ್ಲೇ ಬರುತ್ತವೆ. ಟೆಸ್ಟ್ ಪಾಸಾಗುತ್ತದೆ, ಬರೆದವರಿಗೆ ನೆಮ್ಮದಿ. ಅದೇ ಪಟ್ಟಿಗೆ ಬಸವಕಲ್ಯಾಣ ಸೇರಿಸಿದ ಕೂಡಲೆ ತಪ್ಪು ಹೊರಬೀಳುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲ ಮತ್ತು ವ ನಡುವೆ ಕೂತಿದೆ. ಕನ್ನಡ ವರ್ಣಮಾಲೆಯಲ್ಲಿ ಅದು ಹಕಾರದ ನಂತರ, ಕಟ್ಟಕಡೆಗೆ. ಹಾಗಾಗಿ ಮೊದಲು ಬರಬೇಕಾದ ಬಸವಕಲ್ಯಾಣವನ್ನು ಬಳ್ಳಾರಿ ಹಿಂದಕ್ಕೆ ತಳ್ಳುತ್ತದೆ. ಜೋಡಿಸುವ ಫಂಕ್ಷನ್ ಕ್ರಮವನ್ನು ತಾನೇ ನಿರ್ಧರಿಸದೆ, ಹೋಲಿಸುವ ನಿಯಮವನ್ನು ಬಳಸುವವರಿಂದ ಪಡೆಯಬೇಕು ಎಂಬ ವಿನ್ಯಾಸದ ಬೆಲೆ ಇಲ್ಲಿ ಕಾಣುತ್ತದೆ.

ಉದ್ದ ಅಳೆಯುವ ಫಂಕ್ಷನ್‌ಗಿಂತ ಸರಳವಾದದ್ದು ಇನ್ನೇನಿದೆ ಎನ್ನಿಸಬಹುದು. ಬಳ್ಳಾರಿ ಎಂಬ ಹೆಸರನ್ನು ಓದುವವರಿಗೆ ಮೂರು ಅಕ್ಷರ: ಬ, ಳ್ಳಾ, ರಿ. ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ 21 ಬೈಟ್. ಮೂರೂ ಸರಿಯಾದ ಉತ್ತರಗಳೇ. ಆದ್ದರಿಂದ ಒಳ್ಳೆಯ ಲೈಬ್ರರಿ ಮೂರಕ್ಕೂ ಬೇರೆ ಬೇರೆ ಹೆಸರಿನ ಫಂಕ್ಷನ್ ಇಡುತ್ತದೆ. ಬರೀ ‘ಉದ್ದ’ ಎಂಬ ಹೆಸರು ಕೊಟ್ಟು ಸುಮ್ಮನಾಗುವುದಿಲ್ಲ. ತಿರುಗಿಸುವ ಫಂಕ್ಷನ್ ಸಂಕೇತಗಳನ್ನು ಒಂದೊಂದಾಗಿ ಹಿಂದುಮುಂದು ಮಾಡಿದರೆ, ಕೊನೆಯ ‘ರಿ’ಯ ಗುಡಿಸು ವ್ಯಂಜನದ ಆಸರೆಯಿಲ್ಲದೆ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ಕುರುಗೋಡು ಒಡ್ಡುವ ಪರೀಕ್ಷೆ ಇನ್ನೂ ಸೂಕ್ಷ್ಮವಾದದ್ದು, ಇವುಗಳಲ್ಲೆಲ್ಲ ಅತ್ಯಂತ ಸೊಗಸಾದದ್ದೂ ಹೌದು. ‘ಗೋ’ದಲ್ಲಿರುವ ಓತ್ವಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ, ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳನ್ನು ಕೂಡಿಸಿಯೂ ಅದನ್ನು ಬರೆಯಬಹುದು. ಮೊದಲ ಬಗೆಯಲ್ಲಿ ಕುರುಗೋಡು ಎಂಟು ಸಂಕೇತ, ಎರಡನೆಯದರಲ್ಲಿ ಹತ್ತು. ಪರದೆಯ ಮೇಲೆ ಎರಡೂ ಒಂದೇ. ಎರಡನ್ನೂ ಸೆಟ್‌ಗೆ ಹಾಕಿದರೆ ಜಿಲ್ಲೆಗೆ ಆರನೆಯ ತಾಲ್ಲೂಕು ಹುಟ್ಟಿಕೊಳ್ಳುತ್ತದೆ! ಸೆಟ್ ತಾನಾಗಿಯೇ ಎರಡನ್ನೂ ಒಂದೇ ರೂಪಕ್ಕೆ ತರಬೇಕೇ? ಬೇಡ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುವುದು ಪಾತ್ರೆಯ ಧರ್ಮ. ರೂಪ ಏಕೀಕರಿಸುವ ಫಂಕ್ಷನ್ ಬೇರೆಯಾಗಿರಲಿ, ಸೆಟ್ ಕಟ್ಟುವಾಗ ಅದನ್ನು ಜೊತೆಗೆ ಕೊಡಲು ದಾರಿಯಿರಲಿ.

ಸೆಟ್ ಮತ್ತು ಮ್ಯಾಪ್‌ಗಳು ಚುರುಕಾಗಿರುವುದು ಹ್ಯಾಶ್ ಎಂಬ ಸಂಖ್ಯೆಯ ಬಲದಿಂದ. ಜಾವಾದಲ್ಲಿ ಪದದ ಹ್ಯಾಶ್ ಲೆಕ್ಕ ಹೀಗಿದೆ: ಈವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಸಂಕೇತದ ಸಂಖ್ಯೆ ಕೂಡಿಸುವುದು. ಶಕಾರ ವಕಾರಕ್ಕಿಂತ ಒಂದು ಹೆಚ್ಚು. ತಕಾರ ವಟ್ರಸುಳಿಗಿಂತ ಸರಿಯಾಗಿ 31 ಕಡಿಮೆ. ಹೀಗಾಗಿ ‘ಶತಕ’ ಮತ್ತು ‘ವೃಕ’ ಎರಡಕ್ಕೂ ಒಂದೇ ಹ್ಯಾಶ್. ಇದು ದೋಷವಲ್ಲ. ಹ್ಯಾಶ್ ಒಂದೇ ಆದಾಗ ಮ್ಯಾಪ್ ಪದಗಳನ್ನೇ ಹೋಲಿಸಿ ನೋಡಬೇಕು. ಎರಡನ್ನೂ ಹಾಕಿ, ಒಂದನ್ನು ಅಳಿಸಿ, ಇನ್ನೊಂದು ತನ್ನ ವಿವರದೊಡನೆ ಉಳಿದಿದೆಯೇ ಎಂದು ನೋಡುವ ಟೆಸ್ಟ್ ಪ್ರತಿ ಮ್ಯಾಪ್‌ಗೂ ಬೇಕು.

ಒಂದೊಂದೇ ಉದಾಹರಣೆ ಬರೆಯುತ್ತ ಹೋದರೆ ಬರೆದವರ ಕಲ್ಪನೆಗೆ ಹೊಳೆಯದ್ದು ಹೊರಗೇ ಉಳಿಯುತ್ತದೆ. 2000ದಲ್ಲಿ ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಪ್ರಕಟಿಸಿದ ಕ್ವಿಕ್‌ಚೆಕ್ ಇದಕ್ಕೆ ಬೇರೆ ದಾರಿ ತೋರಿಸಿತು. ಅಲ್ಲಿ ನಿಯಮವನ್ನು ಬರೆದರೆ ಸಾಕು, ಯಂತ್ರವೇ ನೂರಾರು ಉದಾಹರಣೆ ಹುಟ್ಟಿಸಿ ನಿಯಮ ಮುರಿಯಲು ನೋಡುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಬಳ್ಳಾರಿಯ 11 ತಾಲ್ಲೂಕುಗಳಲ್ಲಿ ಆರು ಅತ್ತ ಹೋದವು, ಐದು ಇತ್ತ ಉಳಿದವು. ಪಟ್ಟಿಯನ್ನು ಇಬ್ಭಾಗ ಮಾಡುವ ಫಂಕ್ಷನ್‌ನ ನಿಯಮವೂ ಇದೇ: ಎರಡನ್ನೂ ಕೂಡಿಸಿದರೆ ಮೂಲದ್ದೆಲ್ಲ ಸಿಗಬೇಕು, ಎರಡೂ ಕಡೆ ಇರುವುದು ಒಂದೂ ಇರಬಾರದು. ಆದರೆ ನಿಯಮವನ್ನೂ ಆಲೋಚಿಸಿ ಆರಿಸಬೇಕು. ‘ಎರಡು ಸಲ ತಿರುಗಿಸಿದರೆ ಮೊದಲಿನದೇ ಬರಬೇಕು’ ಎಂಬ ಹೆಸರಾಂತ ನಿಯಮವನ್ನು ಬಳ್ಳಾರಿಯ ಗುಡಿಸು ಕಿತ್ತ ಆ ಕೆಟ್ಟ ಫಂಕ್ಷನ್ ಕೂಡ ನಿರಾಯಾಸವಾಗಿ ಪಾಲಿಸುತ್ತದೆ. ತಿರುಗಿಸಿದ ಮೇಲೂ ಅಕ್ಷರಗಳು ಇಡಿಯಾಗಿವೆಯೇ ಎಂಬ ಇನ್ನೊಂದು ನಿಯಮ ಸೇರಿದಾಗಲೇ ಅದು ಸಿಕ್ಕಿಬೀಳುವುದು.

ಗಾತ್ರ ಬೆಳೆದಾಗ ಮಾತ್ರ ಕಾಣುವ ತಪ್ಪುಗಳೂ ಇವೆ. ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವಾಗ ನಡುವಿನ ಜಾಗ ತಿಳಿಯಲು ಆದಿ, ಅಂತ್ಯಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಆ ಮೊತ್ತ 2,14,74,83,647 ದಾಟಿದರೆ 32 ಬಿಟ್‌ನಲ್ಲಿ ಹಿಡಿಸದೆ ಋಣ ಸಂಖ್ಯೆಯಾಗುತ್ತದೆ. ಜಾವಾ ಲೈಬ್ರರಿಯಲ್ಲೇ ಈ ದೋಷ ಸುಮಾರು ಒಂಬತ್ತು ವರ್ಷ ಅಡಗಿತ್ತೆಂದು 2006ರಲ್ಲಿ ಸ್ವತಃ ಬ್ಲಾಕ್ ಬರೆದು ತಿಳಿಸಿದರು. ಸಣ್ಣ ಪಟ್ಟಿಗಳ ಮೇಲೆ ನಡೆಸಿದ ಯಾವ ಟೆಸ್ಟ್‌ಗೂ ಅದು ಕಂಡಿರಲಿಲ್ಲ. ಪರಿಹಾರ ಒಂದೇ ಸಾಲಿನದು: ಅಂತ್ಯದಿಂದ ಆದಿಯನ್ನು ಕಳೆದು, ಉಳಿದದ್ದರ ಅರ್ಧವನ್ನು ಆದಿಗೆ ಕೂಡಿಸುವುದು.