ಕ್ಲಚ್ ಜಾರುತ್ತಿತ್ತು, ನಾವು ಪ್ಲೇಟ್ ಬದಲಿಸಿದೆವು

ನಾವು ಸುದ್ದಿ ಬರೆಯಲು ಶುರು ಮಾಡಿ 11 ವರ್ಷ ಆಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರು ನಡುವೆ ಬೈಕಿನಲ್ಲಿ ಓಡಾಡುತ್ತ ‘ಟ್ರ್ಯಾಕ್ಟರ್ ಪಲ್ಟಿ’ ಎಂಬ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಎಲ್ಲದರಲ್ಲೂ ಅದೇ ಸಾಲು: ‘ಚಾಲಕನ ನಿಯಂತ್ರಣ ತಪ್ಪಿ’. ನಿಯಂತ್ರಣ ಯಾಕೆ ತಪ್ಪಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಮನೆಯ ಟ್ರ್ಯಾಕ್ಟರಿನಿಂದಲೇ ಅಪ್ಪ ಬಿದ್ದ ಮೇಲೆ ಕೇಳಬೇಕಾಯಿತು.

ನಮ್ಮೂರು ಮಸ್ಕಿ ತಾಲ್ಲೂಕು. ಗದ್ದೆ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಟ್ರ್ಯಾಕ್ಟರ್ ನೋಡಿಕೊಳ್ಳುವವನು ತಮ್ಮ. ಮಳೆಗಾಲದಲ್ಲಿ ಕೇಜ್‌ವೀಲ್ ಹಾಕಿ ಕೆಸರು ಹೊಡೆಯುತ್ತಾನೆ, ಸುಗ್ಗಿ ಬಂದರೆ ನೆಲ್ಲು ತುಂಬಿಕೊಂಡು ಸಿಂಧನೂರಿಗೆ ಹೋಗುತ್ತಾನೆ. ಕಂತು ಕಟ್ಟುವುದು ಈ ಬಾಡಿಗೆಯಿಂದಲೇ. ಎರಡು ವರ್ಷದ ಹಿಂದೆ ಅದರ ಕ್ಲಚ್ ಜಾರತೊಡಗಿತು. ಎಕ್ಸಲೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಲಿ ಮಾತ್ರ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಒಂದೇ ವರ್ಷದಲ್ಲಿ ಎರಡು ಪ್ಲೇಟ್ ತಿಂದಿತು.

ಅದೇ ಹೊತ್ತಿಗೆ ತಮ್ಮ ಫೋನಿನಲ್ಲಿ ಅಮೆರಿಕದ ಪಿಕಪ್ ಟ್ರಕ್ಕುಗಳ ವಿಡಿಯೊ ನೋಡುತ್ತಿದ್ದ. ಅಲ್ಲಿನ ಹುಡುಗರು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಗಟ್ಟಿ ಸಾಮಾನು ಕೂಡಿಸುತ್ತಾರೆ. ಗೇರ್ ಬೀಳುವಾಗ ಮೆತ್ತಗೆ ಜಾರಬಾರದು, ‘ಟಕ್’ ಅನ್ನಬೇಕು.

“ಅಣ್ಣಾ, ನಮ್ಮದಕ್ಕೂ ಹಿಂಗ ಮಾಡಿಸಿದ್ರ ಹೆಂಗ?” ಅಂದ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕಾಲಿನ ಕ್ಲಚ್ ಇರುವುದಿಲ್ಲ. ಒಳಗೆ ತೆಳು ಪ್ಲೇಟುಗಳ ಗುಂಪುಗಳಿರುತ್ತವೆ, ಎಣ್ಣೆಯ ಒತ್ತಡ ಅವನ್ನು ಒತ್ತಿ ಹಿಡಿಯುತ್ತದೆ. ಗೇರ್ ಬದಲಾಗುವಾಗ ಒಂದು ಗುಂಪು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಕೂತವರಿಗೆ ಝಟಕಾ ಆಗದಿರಲಿ ಎಂದು ಕಂಪನಿಯವರು ನಡುವೆ ಸ್ವಲ್ಪ ಜಾರಲು ಬಿಟ್ಟಿರುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿ, ಎಣ್ಣೆ ಹೋಗುವ ತೂತು ದೊಡ್ಡದು ಮಾಡಿದರೆ ಒತ್ತಡ ಬೇಗ ಬರುತ್ತದೆ. ಜಾರುವುದು ಕಡಿಮೆ, ಪ್ಲೇಟ್ ಕಾಯುವುದೂ ಕಡಿಮೆ. ಆದರೆ ಹಾಗೆ ಮಾಡಿಸಿದವರು ಹಿಂದಿನ ಶಾಫ್ಟು, ಜಾಯಿಂಟು, ಆಕ್ಸಲ್ ತಡೆಯುತ್ತವೆಯೇ ಎಂದೂ ನೋಡಬೇಕಾಗುತ್ತದೆ. ಆ ಮಾತು ನಮ್ಮ ಕಿವಿಗೆ ಬೀಳಲಿಲ್ಲ.

ನಮ್ಮ ಟ್ರ್ಯಾಕ್ಟರಿಗೆ ಇರುವುದು ಕಾಲಿನ ಕ್ಲಚ್ಚೇ. ಸಿಂಧನೂರಿನ ಒಂದು ಗ್ಯಾರೇಜಿನಲ್ಲಿ ಸಿರಾಮಿಕ್ ಪ್ಲೇಟ್ ಹಾಕಿಸಿ ಅಂದರು. ಮಾಮೂಲಿ ಪ್ಲೇಟಿನಲ್ಲಿ ಸುತ್ತಲೂ ಲೈನಿಂಗ್ ಇರುತ್ತದೆ. ಇದರಲ್ಲಿ ಲೋಹ ಮತ್ತು ಸಿರಾಮಿಕ್ ಬೆರೆಸಿದ ನಾಲ್ಕಾರು ದಪ್ಪ ತುಂಡುಗಳು ಮಾತ್ರ. ಕಾವು ತಡೆಯುತ್ತದೆ, ಹಿಡಿದರೆ ಬಿಡುವುದಿಲ್ಲ. ಜೊತೆಗೆ ಬಿಗಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್. ಕೂಲಿ ಸೇರಿ 19,000 ರೂಪಾಯಿ. ಅರ್ಧ ಕೊಟ್ಟವರು ನಾವೇ. ‘ಹಾಕಿಸು, ಒಂದೇ ಸಲ ಪೀಡೆ ಹೋಗಲಿ’ ಅಂದವರೂ ನಾವೇ.

ಮೊದಲ ತಿಂಗಳು ತಮ್ಮನ ಖುಷಿ ನೋಡಬೇಕಿತ್ತು. ಕ್ಲಚ್ ಬಿಟ್ಟರೆ ಸಾಕು, ಟ್ರ್ಯಾಕ್ಟರ್ ನೆಗೆಯುತ್ತಿತ್ತು. ಮೊದಲಿಗಿಂತ ಹತ್ತು ಚೀಲ ಹೆಚ್ಚು ಹೇರತೊಡಗಿದ. ಆಮೇಲೆ ಹೊರಡುವಾಗ ಗಡಗಡ ನಡುಗಲು ಶುರುವಾಯಿತು. ಹೊಸ ಪ್ಲೇಟ್, ಕೂಡುವವರೆಗೆ ಹೀಗೇ ಅಂದುಕೊಂಡೆವು.

ನವೆಂಬರ್ ತಿಂಗಳು. ನಾವು ಲಿಂಗಸುಗೂರಿನಲ್ಲಿ ಒಂದು ಸಭೆಯ ಸುದ್ದಿ ಬರೆದುಕೊಳ್ಳುತ್ತಿದ್ದೆವು. ಫೋನ್ ಬಂತು.

“ಅಣ್ಣಾ, ಅಪ್ಪ ಬಿದ್ದಾನ. ಲಗೂನ ಬಾ.”

ಆಗಿದ್ದು ಇಷ್ಟು. ತುಂಬಿದ ಟ್ರಾಲಿ ಗದ್ದೆಯಿಂದ ರಸ್ತೆಗೆ ಏರಬೇಕಿತ್ತು. ಹಿಂದಿನ ಗಾಲಿ ಹಸಿ ಮಣ್ಣಿನಲ್ಲಿ ಹೂತಿತ್ತು. ಅಪ್ಪ ಎಂದಿನಂತೆ ಮಡ್‌ಗಾರ್ಡಿನ ಮೇಲೆ ಕೂತಿದ್ದರು. ತಮ್ಮ ಎಕ್ಸಲೇಟರ್ ಕೊಟ್ಟು ಕ್ಲಚ್ ಬಿಟ್ಟ. ಹಳೆ ಪ್ಲೇಟ್ ಇದ್ದಿದ್ದರೆ ಜಾರಿ, ಹೊಗೆ ಬಿಟ್ಟು ಸುಮ್ಮನಾಗುತ್ತಿತ್ತು. ಇದು ಜಾರಲಿಲ್ಲ. ಗಾಲಿ ಮುಂದೆ ತಿರುಗಲಾರದೆ ಟ್ರ್ಯಾಕ್ಟರಿನ ಮೈಯೇ ಮೇಲೆದ್ದಿತು. ಮುಂದಿನ ಎರಡೂ ಗಾಲಿ ಗಾಳಿಯಲ್ಲಿ. ತಮ್ಮ ಥಟ್ಟನೆ ಕ್ಲಚ್ ಒತ್ತಿದ್ದಕ್ಕೆ ಅದು ಹಿಂದಕ್ಕೆ ಮಗುಚದೆ ಕೆಳಗೆ ಬಿತ್ತು. ಆ ಹೊಡೆತಕ್ಕೆ ಅಪ್ಪ ಪಕ್ಕಕ್ಕೆ ಬಿದ್ದರು. ದೊಡ್ಡ ಗಾಲಿ ಅವರ ತಲೆಯಿಂದ ಒಂದು ಗೇಣು ದೂರ ನಿಂತಿತ್ತು. ಮುಂಗೈ ಮುರಿಯಿತು. ಅಷ್ಟಕ್ಕೇ ಮುಗಿಯಿತು.

ಗೇರ್‌ಬಾಕ್ಸಿನಿಂದ ಕಟಕಟ ಸದ್ದು ಬರುತ್ತಿತ್ತು. ಈ ಸಲ ಮಸ್ಕಿಯ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಒಯ್ದೆವು. ಎಲ್ಲರೂ ಚಾಚಾ ಎನ್ನುವುದು. ಟ್ರ್ಯಾಕ್ಟರನ್ನು ನಡುವೆ ಬಿಡಿಸಿ, ಪ್ಲೇಟ್ ತೆಗೆದು ನಮ್ಮ ಕೈಗೆ ಕೊಟ್ಟರು. ಕೈಯೆಲ್ಲ ಎಣ್ಣೆ.

“ನೋಡ್ ತಮ್ಮಾ, ಇಂಜಿನ್ ಹಿಂದಿನ ಸೀಲ್ ಹೋಗೇತಿ. ಎಣ್ಣಿ ಪ್ಲೇಟಿಗೆ ಬೀಳಕತ್ತೇತಿ. ಎಣ್ಣಿ ಬಿದ್ರ ಯಾವ ಪ್ಲೇಟಾದ್ರೂ ಜಾರತೈತಿ. ಮೊದ್ಲಿಂದಲೂ ಕಾಯಿಲೆ ಇದೇ.”

ಆ ಸೀಲಿನ ಬೆಲೆ 300 ರೂಪಾಯಿ. ಗಡಗಡ ನಡುಗುತ್ತಿದ್ದುದೂ ಇದಕ್ಕೇ. ಒಳಗೆ ಒಂದು ಗೇರಿನ ಎರಡು ಹಲ್ಲು ಮುರಿದಿದ್ದವು. ಅದರ ರಿಪೇರಿ 26,000.

ಚಾಚಾ ಇನ್ನೊಂದು ಮಾತು ಹೇಳಿದರು. “ಕ್ಲಚ್ ಜಾರೋದು ತಪ್ಪಲ್ಲ. ಹೊರೆ ಮಿತಿ ಮೀರೇತಿ ಅಂತ ಅದು ಹೇಳ್ತೈತಿ. ನೀವು ಅದರ ಬಾಯಿ ಮುಚ್ಚಿದ್ರಿ. ಹೊಡೆತ ಗೇರಿಗೆ ಹೋತು, ಗೇರಿಂದ ನಿಮ್ಮಪ್ಪಗ ಹೋತು.”

ಸಿರಾಮಿಕ್ ಪ್ಲೇಟೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಭಾರಿ ಕೆಲಸದ ಗಾಡಿಗೆ ಕಂಪನಿಯವರೇ ಹಾಕಿಕೊಡುವುದುಂಟು. ಆದರೆ ಅಂಥ ಗಾಡಿಯಲ್ಲಿ ಹಿಂದಿನ ಸಾಮಾನೆಲ್ಲ ಅದಕ್ಕೆ ತಕ್ಕಂತೆ ಇರುತ್ತವೆ. ನಿಮ್ಮ ಗಾಡಿಯ ಕ್ಲಚ್ ಜಾರಿದರೆ ಮೊದಲು ಪೆಡಲಿನ ಫ್ರೀ ಪ್ಲೇ ನೋಡಿ. ಪೆಡಲ್ ಮೊದಲ ಒಂದಿಂಚು ಸಡಿಲಾಗಿ ಇಳಿಯಬೇಕು, ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಹಿಡಿಯುವುದೇ ಇಲ್ಲ. ನಿಮ್ಮ ಗಾಡಿಯ ಸರಿ ಅಳತೆ ಅದರ ಪುಸ್ತಕದಲ್ಲಿರುತ್ತದೆ. ಓಡಿಸುವಾಗ ಪೆಡಲಿನ ಮೇಲೆ ಕಾಲು ಇಟ್ಟುಕೊಂಡಿರುವ ರೂಢಿ ಇದ್ದರೆ ಬಿಡಿ. ಕ್ಲಚ್ ಹೌಸಿಂಗಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆಯೇ ನೋಡಿ. ಹೊರೆ ಎಷ್ಟು ಹೇರುತ್ತಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಷ್ಟಾದ ಮೇಲೆ ಪ್ಲೇಟಿನ ಮಾತು. ಕೆಸರಿನಲ್ಲಿ ಹೂತರೆ ಎಕ್ಸಲೇಟರ್ ಕೊಟ್ಟು ಕ್ಲಚ್ ಒಮ್ಮೆಲೇ ಬಿಡಬೇಡಿ. ಟ್ರಾಲಿ ಬಿಡಿಸಿ, ಟ್ರ್ಯಾಕ್ಟರನ್ನು ಹೊರಗೆ ತೆಗೆದು ಆಮೇಲೆ ಎಳೆಯಿರಿ. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂಡಿಸಬೇಡಿ.

ತಮ್ಮ ಈಗ ಮಾಮೂಲಿ ಪ್ಲೇಟ್ ಹಾಕಿಸಿದ್ದಾನೆ. ಹೊಸ ಸೀಲ್, ಹತ್ತು ಚೀಲ ಕಡಿಮೆ. ಎರಡು ಸುಗ್ಗಿ ಕಳೆದಿವೆ, ಪ್ಲೇಟ್ ಇನ್ನೂ ಚೆನ್ನಾಗಿದೆ. ಅಪ್ಪನ ಕೈ ಕೂಡಿದೆ, ಆದರೆ ಕುಡುಗೋಲು ಬಹಳ ಹೊತ್ತು ಹಿಡಿಯಲಾಗುವುದಿಲ್ಲ. ಗದ್ದೆಗೆ ಅವರು ನಮ್ಮ ಬೈಕಿನ ಹಿಂದೆ ಕೂತು ಬರುತ್ತಾರೆ.

ಮೊನ್ನೆ ಮತ್ತೊಂದು ಪಲ್ಟಿ ಸುದ್ದಿ ಬಂತು. ಈ ಸಲ ಹೊರೆ ಎಷ್ಟಿತ್ತು, ಬಿದ್ದವರು ಎಲ್ಲಿ ಕೂತಿದ್ದರು ಎಂದು ಕೇಳಿ ಬರೆದು ಕಳಿಸಿದೆವು. ಜಾಗವಿಲ್ಲವೆಂದು ಡೆಸ್ಕಿನವರು ಆ ಎರಡು ಸಾಲು ತೆಗೆದರು. ಮುಂದಿನ ಸಲವೂ ಬರೆಯುತ್ತೇವೆ.