ಹಿನ್ನೀರಿನಾಚೆಯ ಬೆಂಜ್ ಲಾರಿ

ಸಾಗರದಿಂದ ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿಗೆ ಹೋಗುವ ರಸ್ತೆ ದಶಕಗಳ ಕಾಲ ನೀರಿನ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ಮುಂದೆ ಶರಾವತಿಯ ಹಿನ್ನೀರು. ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಣ್ಣುಮಗಳು ಎಲ್ಲರೂ ಲಾಂಚಿಗಾಗಿ ಕಾಯಬೇಕು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಈಚೆ ದಡದಲ್ಲೇ ಠಿಕಾಣಿ. ಇಲ್ಲವೇ ಹೊಸನಗರ, ನಿಟ್ಟೂರು ಸುತ್ತಿ ಬರುವ ಬಲು ದೂರದ ದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. 2.44 ಕಿಲೋಮೀಟರ್ ಉದ್ದದ ಆ ಸೇತುವೆಯನ್ನು ಕಾರಿನವರು ಈಗ ಕೆಲವೇ ನಿಮಿಷಗಳಲ್ಲಿ ದಾಟುತ್ತಾರೆ, ನಡುವೆ ಇಳಿದು ಫೋಟೊ ತೆಗೆಸಿಕೊಳ್ಳುವವರನ್ನು ಬಿಟ್ಟು!

ದಾಟಿದವರಲ್ಲಿ ಬಹುಪಾಲು ಜನ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋಗುವವರು. 2025ರ ಡಿಸೆಂಬರಿನಲ್ಲಿ ನಾನು ಹೋದದ್ದು ತುಮರಿಯ ಆಚೆ, ಮಣ್ಣುರಸ್ತೆಯ ಕೊನೆಯಲ್ಲಿರುವ ಒಂದು ಅಡಿಕೆ ತೋಟದ ಮನೆಗೆ. ಆ ಮನೆಯ ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಅವನೂ ಅವನ ಅಜ್ಜನೂ ಸೇರಿ ಮನೆಯ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ 1959ರ ಒಂದು ಲಾರಿಗೆ ಮರುಜೀವ ಕೊಡುತ್ತಿದ್ದಾರೆ ಎಂದು ಸಾಗರದ ಗೆಳೆಯರೊಬ್ಬರು ಹೇಳಿದ್ದರು.

ಮಾಡಿನೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಮೂತಿ. ಈಗಿನ ಲಾರಿಗಳಿಗೆ ಮೂತಿಯೇ ಇಲ್ಲ, ಮುಖ ಚಪ್ಪಟೆ. ಇದಕ್ಕೋ ದುಂಡನೆಯ ಉದ್ದ ಬಾನೆಟ್ಟು, ಅದರ ಎರಡೂ ಬದಿಗೆ ಆನೆಕಿವಿಯಂಥ ಮಡ್‌ಗಾರ್ಡು, ಮುಂದೆ ವೃತ್ತದೊಳಗೆ ಮೂರು ಮೊನೆಯ ನಕ್ಷತ್ರ. ಇವತ್ತು ಆ ನಕ್ಷತ್ರವನ್ನು ನಾವು ಕಾಣುವುದು ದೊಡ್ಡ ಶ್ರೀಮಂತರ ಕಾರುಗಳ ಮೇಲೆ. ಒಂದು ಕಾಲದಲ್ಲಿ ಅದು ಜಲ್ಲಿ, ನಾಟಾ, ಭತ್ತ ಹೊರುವ ಲಾರಿಯ ಗುರುತಾಗಿತ್ತು ಎಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಈ ಲಾರಿಗಳನ್ನು ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂತು. ಊರ ಜನ ಮಾತ್ರ ಬಹಳ ಕಾಲ ಇದನ್ನು 'ಬೆಂಜ್ ಲಾರಿ' ಎಂದೇ ಕರೆದರು.

ಕಾರ್ಖಾನೆಯಿಂದ ಬರುತ್ತಿದ್ದುದು ಇಡೀ ಲಾರಿಯಲ್ಲ. ಚಾಸಿ, ಎಂಜಿನ್ನು, ಬಾನೆಟ್ಟು, ಚಕ್ರ ಇಷ್ಟೇ. ಚಾಲಕ ಕೂರುವ ಕ್ಯಾಬಿನ್ನು, ಸಾಮಾನು ತುಂಬುವ ತೊಟ್ಟಿ ಎಲ್ಲ ಇಲ್ಲಿಯ ಬಡಗಿಗಳ, ಕಮ್ಮಾರರ ಕೈಕೆಲಸ. ಹಾಗಾಗಿ ಎರಡು ಬೆಂಜ್ ಲಾರಿಗಳು ಒಂದೇ ಥರ ಇರುತ್ತಿರಲಿಲ್ಲ. ಈ ಲಾರಿಯ ಕ್ಯಾಬಿನ್ನಿನ ಚೌಕಟ್ಟು ಸಾಗುವಾನಿಯದು, ತೊಟ್ಟಿಯ ಹಲಗೆ ಮತ್ತಿ ಮರದ್ದು. ಹೊರಗಿನ ತಗಡು ತುಕ್ಕು ಹಿಡಿದು ಉದುರಿದ್ದರೂ ಒಳಗಿನ ಸಾಗುವಾನಿ ಅರ್ಧಕ್ಕರ್ಧ ಗಟ್ಟಿಯಾಗಿಯೇ ಇತ್ತಂತೆ.

ಅಜ್ಜನಿಗೆ ಈಗ 83 ವರ್ಷ. ಹದಿನೇಳನೆಯ ವಯಸ್ಸಿನಲ್ಲಿ ಇದೇ ಲಾರಿಗೆ ಕ್ಲೀನರ್ ಆಗಿ ಸೇರಿದವರು. ಆಗ ಲಾರಿ ಸಾಗರದ ವ್ಯಾಪಾರಿಯೊಬ್ಬರದು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ. 1964ರಲ್ಲಿ ಅಣೆಕಟ್ಟೆ ಮುಗಿದು ನೀರು ಏರಿದಾಗ, 1948ರಲ್ಲಷ್ಟೇ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿಹೋಯಿತು ಎಂದ ಮೇಲೆ ಹಳ್ಳಿಗಳ ಮಾತೇನು? ಮುಳುಗುವ ಊರುಗಳ ಸಂಸಾರಗಳನ್ನು ಘಟ್ಟದ ಮೇಲಿನ ಬೇರೆ ಬೇರೆ ಕಾಡುಗಳಿಗೆ ಸಾಗಿಸಿದ್ದು ಲಾರಿಗಳಲ್ಲಿ. ಆ ಲಾರಿಗಳ ಸಾಲಿನಲ್ಲಿ ಇದೂ ಒಂದು.

"ಜನ ಎಂತೆಂತ ಹೇರ್ತಿದ್ರು ಗೊತ್ತುಂಟಾ? ಬಾಗಿಲು, ಪಕಾಸಿ, ಹಂಚು, ಒರಳುಕಲ್ಲು. ಒಬ್ಬಳು ಅಜ್ಜಿ ತುಳಸಿಕಟ್ಟೆ ಮಣ್ಣು ಚೀಲದಲ್ಲಿ ಕಟ್ಟಿಕೊಂಡು ಹತ್ತಿದ್ಲು. ದನಗಳನ್ನ ಮಾತ್ರ ನಡೆಸ್ಕೊಂಡೇ ಹೋದ್ರು" ಎಂದರು ಅಜ್ಜ. ಇಳಿಸಿದ ಜಾಗದಲ್ಲಿ ಮನೆ ಇರಲಿಲ್ಲ, ಮರ ಇದ್ದವು ಅಷ್ಟೇ ಎಂದು ಸ್ವಲ್ಪ ಹೊತ್ತು ಬಿಟ್ಟು ಹೇಳಿದರು.

ಅವರ ಸ್ವಂತ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು, ಗದ್ದೆ ಮುಳುಗಿತು. ಮುಂದೆ ಅವರೇ ಡ್ರೈವರ್ ಆದರು. 1972ರಲ್ಲಿ ಹಳೆಯ ಯಜಮಾನರಿಂದ ಲಾರಿಯನ್ನೇ ಕೊಂಡರು. ಇದರ ದುಡಿಮೆಯಲ್ಲಿ ಮೂವರು ಮಕ್ಕಳು ಓದಿದರು, ಒಬ್ಬಳು ಶಿಕ್ಷಕಿಯಾದಳು. 1988ರಲ್ಲಿ ಎಂಜಿನ್ನು ಜಾಮ್ ಆಗಿ ನಿಂತಾಗ ಲಾರಿಯನ್ನು ಎಳೆಸಿ ತಂದು ಮಾಡಿನೊಳಗೆ ನಿಲ್ಲಿಸಿದರು. ಮೂವತ್ತೈದು ವರ್ಷ ಅದರ ಮೇಲೆ ಸೋಗೆ, ಕರಡ, ಮುರಿದ ಕುರ್ಚಿಗಳು ಬಿದ್ದುಕೊಂಡಿದ್ದವು. 2023ರಲ್ಲಿ ಗುಜರಿಯವನೊಬ್ಬ ಬಂದು ತೂಕದ ಲೆಕ್ಕದಲ್ಲಿ ದರ ಹೇಳಿದ. ಅಜ್ಜ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ರಾತ್ರಿ ಊಟ ಮಾಡಲಿಲ್ಲವಂತೆ. ಆಗ ಪಿ.ಯು. ಬಿಟ್ಟು ಡಿಪ್ಲೊಮಾ ಸೇರಿದ್ದ ಮೊಮ್ಮಗ, "ನಾನು ನೋಡ್ತೆ ಅಜ್ಜ" ಎಂದ.

ಹುಡುಗನ ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಪರೀಕ್ಷೆ ಹತ್ತಿರ ಬಂದಾಗಲೂ ಗ್ರೀಸ್ ಕೈಯಲ್ಲೇ ಇರ್ತಿದ್ದ. ಒಂದು ಸೆಮಿಸ್ಟರಿನಲ್ಲಿ ಗಣಿತ ಹೋಯ್ತು. ನೀವೇ ಹೇಳಿ, ಹೆತ್ತವರು ಏನು ಮಾಡ್ಬೇಕು?" ಎಂದು ನನ್ನನ್ನೇ ಕೇಳಿದರು. ಕೊನೆಗೆ ಮನೆಯಲ್ಲಿ ಒಂದು ಕರಾರಾಯಿತು: ಲಾರಿ ಕೆಲಸ ಭಾನುವಾರ ಮತ್ತು ರಜೆಯಲ್ಲಿ ಮಾತ್ರ, ಉಳಿದ ವಿಷಯ ಪಾಸಾಗದೆ ಹೊಸ ಸಾಮಾನು ತರುವಂತಿಲ್ಲ. ಗಣಿತ ಮುಂದಿನ ಸಲ ಪಾಸಾಯಿತು. ಈ ಕರಾರು ನನಗೆ ಬಹಳ ಹಿಡಿಸಿತು. ಹುಡುಗನ ಹುಚ್ಚನ್ನು ತಡೆಯಲೂ ಇಲ್ಲ, ಹರಿಯಬಿಡಲೂ ಇಲ್ಲ.

ನಿಂತ ಎಂಜಿನ್ನನ್ನು ಒಮ್ಮೆಲೇ ತಿರುಗಿಸಲು ಹೋದರೆ ಪಿಸ್ಟನ್ ರಿಂಗು ಮುರಿಯುತ್ತದೆ. ಇದನ್ನು ಹೇಳಿಕೊಟ್ಟವರು ಅಜ್ಜ. ಇಂಜೆಕ್ಟರುಗಳನ್ನು ಬಿಚ್ಚಿ, ಆ ತೂತುಗಳಿಂದ ಆರೂ ಸಿಲಿಂಡರಿಗೆ ಡೀಸೆಲ್ಲನ್ನೂ ಹಳೆಯ ಎಂಜಿನ್ ಆಯಿಲನ್ನೂ ಬೆರೆಸಿ ಸುರಿದು ತಿಂಗಳುಗಟ್ಟಲೆ ಬಿಟ್ಟರು. ದಿನಾ ಕಾಲೇಜಿಗೆ ಹೊರಡುವ ಮುಂಚೆ ಫ್ಲೈವೀಲಿಗೆ ಸಬ್ಬಲು ಕೊಟ್ಟು ಒಮ್ಮೆ ಮೆಲ್ಲಗೆ ಮೀಟುವುದು. ಒಂದು ದಿನ ಅದು ಕೂದಲೆಳೆಯಷ್ಟು ಅಲುಗಿತು!

ತುಕ್ಕು ಬಿಡಿಸಿದ ಬಗೆಯಂತೂ ಮಲೆನಾಡಿನವರಿಗೇ ಹೊಳೆಯಬೇಕಾದದ್ದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಕಬ್ಬಿಣದ ಭಾಗಗಳನ್ನು ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಲೋಹ ಉಳಿಯುತ್ತದೆ. ಆಸಿಡ್ಡಿನ ಹಾಗೆ ಒಳ್ಳೆಯ ಕಬ್ಬಿಣವನ್ನು ತಿನ್ನುವುದಿಲ್ಲ. ಕಾಕಂಬಿ ಎಲ್ಲಿ ಸಿಗಬೇಕು? ಮನೆಯಲ್ಲಿ ಹುಳಿ ಬಂದಿದ್ದ ಜೋನಿಬೆಲ್ಲದ ಡಬ್ಬಿಗಳಿದ್ದವು. ಅಜ್ಜಿ ಬೈದರೂ ಡಬ್ಬಿ ಖಾಲಿಯಾಯಿತು. ಬೋಲ್ಟು, ಬ್ರಾಕೆಟ್ಟು, ಬಾಗಿಲ ತಿರುಗಣಿ ಎಲ್ಲ ಬೆಲ್ಲದ ನೀರಿನಲ್ಲಿ ಮಿಂದು ಬೂದುಬಣ್ಣಕ್ಕೆ ತಿರುಗಿ ಹೊರಬಂದವು. ಮಾಡಿ ನೋಡುವ ವಿದ್ಯಾರ್ಥಿಗಳಿಗೆ ಒಂದು ಮಾತು: ಅಲ್ಯೂಮಿನಿಯಮ್ಮಿನ ಭಾಗಗಳನ್ನು ಇದರಲ್ಲಿ ಹಾಕಬಾರದು. ತೆಗೆದ ಕೂಡಲೇ ತೊಳೆದು ಒಣಗಿಸಿ ರೆಡ್ ಆಕ್ಸೈಡ್ ಬಳಿಯದಿದ್ದರೆ ಸಂಜೆಯೊಳಗೆ ಮತ್ತೆ ತುಕ್ಕು ಹತ್ತುತ್ತದೆ, ಹಿನ್ನೀರಿನ ತೇವದಲ್ಲಂತೂ ಕೇಳುವುದೇ ಬೇಡ.

ಎಂಜಿನ್ನಿನ ಬ್ಲಾಕು ಮಾತ್ರ ಮನೆಯಲ್ಲಿ ಆಗುವ ಕೆಲಸವಲ್ಲ. ಸುಮಾರು 4.6 ಲೀಟರಿನ ಆರು ಸಿಲಿಂಡರ್ ಎಂಜಿನ್ನು. ಅದನ್ನು ಪಿಕಪ್ಪಿನಲ್ಲಿ ಹೇರಿ, ಲಾಂಚ್ ಹತ್ತಿಸಿ, ಸಾಗರದ ಬಿ.ಎಚ್. ರೋಡಿನ ಲೇತ್ ಅಂಗಡಿಗೆ ತಂದರು. ಬೇಸಿಗೆಯ ಕೊನೆಗೆ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದ ಕಾಲವದು. ಹಾಗಾಗಿ ಸಿದ್ಧವಾದ ಬ್ಲಾಕು ವಾರಗಟ್ಟಲೆ ಅಂಗಡಿಯ ಮೂಲೆಯಲ್ಲಿ ಮಳೆಗಾಗಿ ಕಾಯಿತು. ಬೋರು, ಕ್ರ್ಯಾಂಕ್ ಗ್ರೈಂಡಿಂಗು ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನಲ್ಲಿ ಆಯಿತು. ಬೇರಿಂಗು, ರಿಂಗು, ಗ್ಯಾಸ್ಕೆಟ್ಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿಯ ಹಳೆಯ ಅಂಗಡಿಗಳಲ್ಲಿ ಕಂಪ್ಯೂಟರಿನ ಪಟ್ಟಿಗಿಂತ ಮುದುಕರ ನೆನಪೇ ಹೆಚ್ಚು ಕೆಲಸಕ್ಕೆ ಬಂತು ಎಂದು ಹುಡುಗ ನಕ್ಕ. ಭಾಗದ ನಂಬರ್ ಹೇಳಿದರೆ ಹುಡುಗರು ಇಲ್ಲ ಎನ್ನುತ್ತಾರೆ. ಹಳೆಯ ಭಾಗವನ್ನೇ ಕೈಗಿಟ್ಟರೆ ಒಳಗಿನಿಂದ ಹಿರಿಯರೊಬ್ಬರು ಬಂದು ತೂಗಿ ನೋಡಿ, ಅಟ್ಟದ ಮೇಲಿನ ಡಬ್ಬಿ ತೆಗೆಸುತ್ತಾರೆ.

ಡೀಸೆಲ್ ಎಂಜಿನ್ನಿಗೆ ಇಂಧನ ಹಂಚುವ ಪಂಪಿನ ಮೈಮೇಲೆ 'ಮೈಕೋ' ಎಂಬ ಅಚ್ಚಿತ್ತು. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಒಂದೊಂದು ಸಿಲಿಂಡರಿಗೂ ಅಳೆದ ಹಾಗೆ ಹನಿ ಡೀಸೆಲ್ಲು, ತಕ್ಕ ಕ್ಷಣಕ್ಕೆ, 1-5-3-6-2-4ರ ಸರದಿಯಲ್ಲಿ ಸಿಕ್ಕಬೇಕು. ಈ ಲಾರಿಯಲ್ಲಿ ಇದನ್ನೆಲ್ಲ ಲೆಕ್ಕ ಹಾಕಲು ಯಾವ ಎಲೆಕ್ಟ್ರಾನಿಕ್ ಡಬ್ಬಿಯೂ ಇಲ್ಲ. ಎಲ್ಲ ಹಲ್ಲಿನ ಚಕ್ರ, ಕ್ಯಾಮು, ಸ್ಪ್ರಿಂಗುಗಳ ಕೆಲಸ. "ಕ್ಲಾಸಿನಲ್ಲಿ ಚಿತ್ರ ಬರೆದು ಹತ್ತು ಅಂಕ ತಗೊಂಡಿದ್ದೆ. ಅದು ಏನು ಅಂತ ಗೊತ್ತಾದ್ದು ಇಲ್ಲಿ" ಎಂದ ಹುಡುಗ.

ಒಂದು ಕೆಲಸವನ್ನು ಮಾತ್ರ ಅಜ್ಜ ಅವನ ಕೈಗೆ ಕೊಡಲಿಲ್ಲ. ಈ ಲಾರಿಯ ಚಕ್ರದ ರಿಮ್ಮಿಗೆ ಬೇರೆ ಉಂಗುರ ಕೂರಿಸಿ ಟೈರು ಹಿಡಿಸುವ ಕ್ರಮ. ಉಂಗುರ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಗುಂಡಿನಂತೆ ಸಿಡಿಯುತ್ತದೆ, ಎದುರಿದ್ದವನ ಪ್ರಾಣವನ್ನೇ ತೆಗೆಯಬಲ್ಲದು. ಅದಕ್ಕೆ ಕಬ್ಬಿಣದ ಪಂಜರವಿರುವ, ಅನುಭವಸ್ಥರ ಪಂಕ್ಚರ್ ಅಂಗಡಿಗೇ ಕಳಿಸಿದರು.

ಮರಗೆಲಸಕ್ಕೆ ಬಂದ ಆಚಾರರು ಎಪ್ಪತ್ತರ ಹತ್ತಿರದವರು. ಲಾರಿ ಕ್ಯಾಬಿನ್ನು ಕಟ್ಟಲು ಗೊತ್ತಿರುವವರು ಈ ಭಾಗದಲ್ಲಿ ಬೇರೆ ಯಾರೂ ಇವರಿಗೆ ಸಿಕ್ಕಲಿಲ್ಲವಂತೆ. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ತೊಲೆಗಳನ್ನೇ ಸೀಳಿಸಿ, ಕೊಳೆತ ಕಡೆ ಮಾತ್ರ ಹೊಸ ತುಂಡು ಬೆಸೆದಿದ್ದಾರೆ. ಎಲ್ಲಿ ಹಳೆಯದು, ಎಲ್ಲಿ ಹೊಸದು ಎಂದು ಬಣ್ಣದಲ್ಲೇ ತಿಳಿಯುತ್ತದೆ. ಎಡಗಡೆಯ ಮಡ್‌ಗಾರ್ಡಿನ ನೆಗ್ಗನ್ನು ತಟ್ಟಿಸದೆ ಹಾಗೇ ಬಿಟ್ಟಿದ್ದಾರೆ. ಮುಳುಗುವ ಊರೊಂದರಲ್ಲಿ, ಮಳೆಯಲ್ಲಿ ಜಾರಿ ಹಲಸಿನ ಮರಕ್ಕೆ ತಾಗಿದ್ದಂತೆ. ಆ ಮರ ಈಗ ನೀರಿನಡಿ ಇದೆ. ಕನ್ನಡಿಯಂತೆ ಹೊಳೆಯುವ ಬಣ್ಣ ಹೊಡೆಸದೆ ಮಾಸಲು ಹಸಿರನ್ನೇ ಬಳಿಸಿದ್ದು ನನ್ನ ಮಟ್ಟಿಗೆ ಒಳ್ಳೆಯ ನಿರ್ಧಾರ. ದುಡಿದ ಲಾರಿ ಮದುಮಗನ ಹಾಗೆ ಕಂಡರೆ ಚೆಂದವಲ್ಲ.

ಇಷ್ಟೆಲ್ಲ ಆದ ಮೇಲೆ ಎದುರಾಗಿರುವುದು ಬೇರೆಯದೇ ತೊಡಕು. ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿದೆ. ರಾಜ್ಯದ ಅಕ್ಷರಗಳ ಮುಂದೆ 'ವಿ.ಎ.' ಎಂದು ಬರುವ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ ನಿಗದಿಯಾಗಿತ್ತು. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ. ಹಿಂದೆ ಜೋಡಿ ಚಕ್ರವಿರುವ, ಸರಕು ಹೊರುವ ಲಾರಿಗೆ ಅದರಲ್ಲಿ ಜಾಗವಿಲ್ಲ. ಸರಕು ಸಾಗಣೆ ವಾಹನವಾಗಿಯೇ ರಸ್ತೆಗಿಳಿಸೋಣ ಎಂದರೆ ಫಿಟ್‌ನೆಸ್ ಪ್ರಮಾಣಪತ್ರ ಮುಗಿದು ದಶಕಗಳಾಗಿವೆ. ರಾಜರ, ಜಮೀನ್ದಾರರ ಕಾರುಗಳನ್ನು ಧರ್ಮಸ್ಥಳದ ಸಂಗ್ರಹದಲ್ಲಿ ಸಾಲಾಗಿ ನೋಡಿ ಮಕ್ಕಳು ಖುಷಿಪಡುತ್ತಾರೆ, ಪಡಲಿ. ಆದರೆ ಆ ಕಾಲದ ಅಣೆಕಟ್ಟೆ, ಶಾಲೆ, ರಸ್ತೆಗಳಿಗೆಲ್ಲ ಕಲ್ಲು ಮರಳು ಹೊತ್ತ ಲಾರಿಗಳು ಬಹುಪಾಲು ತೂಕದ ಲೆಕ್ಕದಲ್ಲೇ ಹೋದವು. ನಿಯಮ ಬರೆದವರಿಗೂ ಅವುಗಳ ನೆನಪಾಗಲಿಲ್ಲವೆಂದು ತೋರುತ್ತದೆ.

ಅಜ್ಜನಿಗಿರುವುದು ಒಂದೇ ಆಸೆ. ಲಾಂಚಿನಲ್ಲಿ ಹತ್ತಾರು ಸಲ ದಾಟಿಸಿದ ಲಾರಿಯನ್ನು ಒಮ್ಮೆ ಸೇತುವೆಯ ಮೇಲೆ ಓಡಿಸಿ, ಮುಳುಗಿದ ಊರುಗಳ ನೀರನ್ನು ಚಾಲಕನ ಸೀಟಿನಿಂದ ನೋಡಬೇಕು. ಬೇರೆ ಲಾರಿಯ ಮೇಲೆ ಹೇರಿಸಿ ದಾಟಿಸೋಣ ಎಂದು ಮಗ ಹೇಳಿದ್ದಕ್ಕೆ, "ಅದೆಂತಕೆ? ಅದೇನು ಹೆಣವಾ?" ಎಂದು ಸಿಟ್ಟಾದರಂತೆ. ಮೊಮ್ಮಗ ಒಂದು ದಿನದ ಅನುಮತಿಯಾದರೂ ಸಿಕ್ಕೀತೇ ಎಂದು ಅರ್ಜಿ ಬರೆದಿದ್ದಾನೆ. ಮೈಸೂರು ರಾಜ್ಯದ ಕಾಲದ, 'ಎಂ.ವೈ.' ಎಂದು ಶುರುವಾಗುವ ನಂಬರಿನ ಆರ್.ಸಿ. ಪುಸ್ತಕವನ್ನು ಅಜ್ಜಿ ಸೀರೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದರು. ಅದರ ಜೆರಾಕ್ಸನ್ನೂ ಲಗತ್ತಿಸಿದ್ದಾನೆ.

ನಾನಿದ್ದ ದಿನ ಭಾನುವಾರ. ಅಜ್ಜ ಸೀಟಿಗೆ ಹತ್ತಿದರು. ಗ್ಲೋ ಪ್ಲಗ್ಗಿನ ಗುಂಡಿ ಎಳೆದು ಹಿಡಿದು, ತುಟಿಯಲ್ಲೇ ಇಪ್ಪತ್ತರವರೆಗೆ ಎಣಿಸಿದರು. ಎಂಜಿನ್ನು ಎರಡು ಸಲ ಕೆಮ್ಮಿ, ಮಾಡಿನ ತುಂಬ ಬಿಳಿ ಹೊಗೆ ತುಂಬಿ, ಆಮೇಲೆ ಒಂದೇ ಸಮನೆ ಮಾತಾಡತೊಡಗಿತು. ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ಮಾಡಿನಿಂದ ಅಡಿಕೆ ಒಣಗಿಸುವ ಅಂಗಳದ ಅಂಚಿನವರೆಗೆ, ಸುಮಾರು ಇನ್ನೂರು ಅಡಿ, ಸ್ವಂತ ಜಾಗದಲ್ಲಿ, ಲಾರಿ ಹೋಗಿ ಬಂತು. ಎಡಬಾಗಿಲು ಇನ್ನೂ ಕೂರಿಸಿಲ್ಲ, ಆಚಾರರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರಂತೆ. ವೈಪರಿನ ಮೋಟಾರು ಸಿಕ್ಕಿಲ್ಲ. ಅರ್ಜಿಗೆ ಉತ್ತರ ಬಂದಿಲ್ಲ.