ಅಂಚು ಕಟ್ಟಿದ ಹೂವು

ಕಾರ್ನೇಷನ್‌ಗಳಲ್ಲಿ ನನ್ನ ಜೀವ ಇರುವುದು ಪಿಕೊಟೀ ಎಂಬ ಬಗೆಯಲ್ಲಿ. ಮೈಯೆಲ್ಲ ಬಿಳಿ, ಇಲ್ಲವೇ ತಿಳಿಹಳದಿ. ಎಸಳಿನ ತುದಿಗೆ ಮಾತ್ರ ಕೆಂಪೋ ನೇರಳೆಯೋ ಒಂದು ಗೆರೆ, ಸೀರೆಗೆ ಅಂಚಿದ್ದ ಹಾಗೆ. ಬರೀ ಬಿಳಿಯ ಕಾರ್ನೇಷನ್‌ನಲ್ಲಿ ಎಸಳುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಅಂಚಿದ್ದರೆ ಒಂದೊಂದು ಮಡಿಕೆಯೂ ಬೇರೆಯಾಗಿ ಕಾಣುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹೆಸರು ಫ್ರೆಂಚಿನಿಂದ ಬಂದದ್ದು. ‘ಪಿಕೊತೆ’ ಎಂದರೆ ಚುಚ್ಚಿ ಚುಚ್ಚಿ ಗುರುತು ಮಾಡಿದ್ದು, ಚುಕ್ಕಿ ಬಿದ್ದದ್ದು. ಹಕ್ಕಿ ಹಣ್ಣನ್ನು ಕುಕ್ಕುವುದಕ್ಕೂ ಅಲ್ಲಿ ಇದೇ ಮಾತು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ತೋಟಗಾರರು ಈ ಹೆಸರು ಹಿಡಿದಾಗ ಹೂವೂ ಹಾಗೆಯೇ ಇತ್ತು: ಬಿಳಿ ಎಸಳಿನ ಮೇಲೆ ಸೂಜಿಮೊನೆಯಷ್ಟು ಚುಕ್ಕಿಗಳು.

ಚುಕ್ಕಿ ಗೆರೆಯಾದದ್ದು ಮನುಷ್ಯರ ಹಟದಿಂದ. ಆ ಕಾಲದ ಇಂಗ್ಲೆಂಡಿನಲ್ಲಿ ಫ್ಲೋರಿಸ್ಟ್ ಎಂದರೆ ಹೂ ಮಾರುವವನಲ್ಲ, ಪ್ರದರ್ಶನದ ಪಂದ್ಯಕ್ಕೆಂದು ಹೂ ಬೆಳೆಯುವವನು. ಇವರು ಕಾರ್ನೇಷನ್‌ಗಳನ್ನು ವಿಂಗಡಿಸಿಟ್ಟರು: ಒಂದೇ ಬಣ್ಣದ ಪಟ್ಟೆಯಿದ್ದರೆ ಫ್ಲೇಕ್, ಹೆಚ್ಚು ಬಣ್ಣಗಳಿದ್ದರೆ ಬಿಜಾರ್, ಅಂಚಿದ್ದರೆ ಪಿಕೊಟೀ. ಅಂಚಿನಲ್ಲೂ ದಪ್ಪ, ತೆಳು ಎಂಬ ತರಗತಿಗಳು. ನಿಯಮಗಳು ಬಿಗಿಯಾದವು. ಎಸಳಿನ ತುದಿ ಗರಗಸದಂತಿರದೆ ನುಣುಪಾಗಿರಬೇಕು, ಗೆರೆ ಸುತ್ತಲೂ ಒಂದೇ ಅಗಲಕ್ಕಿರಬೇಕು, ಒಳಗಿನ ಬಿಳಿಯಲ್ಲಿ ಒಂದು ಚುಕ್ಕಿಯೂ ಇರಕೂಡದು. ಹೂವಿಗೆ ಹೆಸರು ತಂದುಕೊಟ್ಟ ಚುಕ್ಕಿಯೇ ದೋಷವಾಯಿತು! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೂ ಅವರ ಶ್ರದ್ಧೆಗೆ ಕೈಮುಗಿಯಲೇಬೇಕು. ಬೀಜ ಬಿತ್ತಿದರೆ ಹುಟ್ಟುವ ಗಿಡ ತಾಯಿಯಂತೆಯೇ ಇರುತ್ತದೆಂಬ ಭರವಸೆಯಿಲ್ಲ. ಅದಕ್ಕೇ ಒಳ್ಳೆಯ ಗಿಡದ ಕುಡಿಯನ್ನು ಗೆಣ್ಣಿನ ಹತ್ತಿರ ಸೀಳಿ, ಬಾಗಿಸಿ ಮಣ್ಣಿಗೆ ಸಿಕ್ಕಿಸಿ, ಬೇರು ಬಿಟ್ಟ ಮೇಲೆ ಬೇರ್ಪಡಿಸುತ್ತಿದ್ದರು. ಮೊಗ್ಗಿನ ಹಸಿರು ಕೊಳವೆ ಒಂದೇ ಪಕ್ಕಕ್ಕೆ ಸೀಳಿ ಎಸಳು ಜೋತುಬೀಳದಂತೆ ದಾರ ಕಟ್ಟುತ್ತಿದ್ದರು. ಪಂದ್ಯದ ದಿನ ಹೂವಿನ ಕೆಳಗೆ ದುಂಡನೆಯ ಬಿಳಿ ಕಾಗದವಿಟ್ಟು, ಚಿಮಟದಿಂದ ಎಸಳೆಸಳನ್ನೂ ಸರಿಪಡಿಸುತ್ತಿದ್ದರು. ಅಷ್ಟು ಮಾಡಿದ್ದು ಕೂದಲೆಳೆಯಷ್ಟು ಗೆರೆಗಾಗಿ. ನನ್ನ ಮಟ್ಟಿಗೆ ತೆಳು ಅಂಚಿನದೇ ಎಲ್ಲಕ್ಕಿಂತ ಚೆಲುವು. ದಪ್ಪ ಅಂಚು ಒಳಗಿನ ಬಿಳಿಯನ್ನು ನುಂಗಿಬಿಡುತ್ತದೆ.

ಬೆಂಗಳೂರಿನ ಸುತ್ತಲಿನ ಪಾಲಿಹೌಸ್‌ಗಳಲ್ಲೂ ಈಗ ಕಾರ್ನೇಷನ್ ಬೆಳೆಯುತ್ತಾರೆ, ಬೊಕೆಗಳಲ್ಲಿ ಅಂಚಿನ ಹೂಗಳೂ ಸಿಗುತ್ತವೆ. ಮನೆಯಲ್ಲಿ ಬೀಜ ಬಿತ್ತಿ ಬೆಳೆಯುವವರಲ್ಲಿ ನನ್ನದೊಂದು ಕೋರಿಕೆ. ಗೆರೆ ಕೂಡದೆ ಚುಕ್ಕಿ ಚುಕ್ಕಿಯಾಗಿ ಅರಳಿದ ಗಿಡವೊಂದು ಬಂದರೆ ಕಿತ್ತುಹಾಕಬೇಡಿ. ಆ ಹೆಸರು ಮೊದಲು ಅದರದೇ. ಒಂದು ಕುಡಿ ನೆಟ್ಟು ಉಳಿಸಿಕೊಳ್ಳಿ.